ಗಡಿಯಾರದ ಪಕ್ಕದ ಐಕಾನ್‌ಗಳನ್ನು ತೆಗೆದದ್ದು ಸರಿಯೇ?

ಮಾಟುಂಗಾ_ಓದುಗ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಮುಂಬಯಿಯ ಮಾಟುಂಗಾದಲ್ಲಿರುವ ಒಂದು ಸಣ್ಣ ಕನ್ನಡ ವಾಚನಾಲಯದ ಆರು ಕಂಪ್ಯೂಟರುಗಳನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವವನು ನಾನು. ಆರೂ ಇಂಟೆಲ್‌ನ ಆರನೆಯ ಪೀಳಿಗೆಯ ಪ್ರೊಸೆಸರಿನವು, ವಿಂಡೋಸ್ 11 ಕೇಳುವ ಅರ್ಹತೆ ಅವಕ್ಕಿಲ್ಲ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋದುದರಿಂದ, ಇನ್ನೂ ಗಟ್ಟಿಮುಟ್ಟಾಗಿರುವ ಯಂತ್ರಗಳನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ, ದೀಪಾವಳಿಯ ರಜೆಯಲ್ಲಿ ಕುಳಿತು ಆರಕ್ಕೂ ವಿಂಡೋಸ್ ಬದಲು ಫೆಡೋರಾ ವರ್ಕ್‌ಸ್ಟೇಶನ್ ಎಂಬ ಲಿನಕ್ಸ್ ಹಾಕಿದೆ. ಅದರೊಂದಿಗೆ ಬರುವ ಡೆಸ್ಕ್‌ಟಾಪ್, ಅಂದರೆ ಪರದೆಯ ಪಟ್ಟಿ, ಮೆನು, ವಿಂಡೋಗಳ ಏರ್ಪಾಡು, ಗ್ನೋಮ್. ವೇಗ ಚೆನ್ನಾಗಿದೆ, ಕನ್ನಡ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ, ಪ್ರಿಂಟರ್ ಕೂಡ ತಕರಾರಿಲ್ಲದೆ ಕೆಲಸ ಮಾಡುತ್ತಿದೆ. ತೊಂದರೆ ಬಂದದ್ದು ನಾನು ಎಣಿಸಿಯೇ ಇರದ ಒಂದು ಸಣ್ಣ ಜಾಗದಿಂದ.

ನಮ್ಮ ಕಚೇರಿಯನ್ನು ನೋಡಿಕೊಳ್ಳುವ ಅಕ್ಕನಿಗೆ ಅರವತ್ತೆರಡು ವರ್ಷ. ಕಡತಗಳನ್ನು ನಮ್ಮ ಸರ್ವರಿಗೆ ಏರಿಸುತ್ತಿದ್ದ ತಂತ್ರಾಂಶದ ಐಕಾನ್, ಅಂದರೆ ಒಂದು ಪುಟ್ಟ ಮೋಡದ ಚಿತ್ರ, ಮೊದಲು ಪರದೆಯ ಬಲಮೂಲೆಯಲ್ಲಿ ಗಡಿಯಾರದ ಪಕ್ಕದಲ್ಲೇ ಇರುತ್ತಿತ್ತು. ಸಂಜೆ ಹೊರಡುವಾಗ ಒಮ್ಮೆ ಅತ್ತ ಕಣ್ಣು ಹಾಯಿಸಿ, ಮೋಡದ ಮೇಲೆ ಹಸಿರು ಗುರುತು ಕಂಡ ಮೇಲಷ್ಟೇ ಫ್ಯಾನು ಆರಿಸಿ ಬೀಗ ಹಾಕುವುದು ಅವರ ಎಷ್ಟೋ ವರ್ಷಗಳ ರೂಢಿ. ಹೊಸ ಡೆಸ್ಕ್‌ಟಾಪ್‌ನಲ್ಲಿ ಆ ಮೋಡವಿಲ್ಲ. ತಂತ್ರಾಂಶ ಓಡುತ್ತಲೇ ಇರುತ್ತದೆ, ಆದರೆ ಕಾಣುವುದಿಲ್ಲ. ನವೆಂಬರಿನಲ್ಲಿ ಸರ್ವರಿನ ಪಾಸ್‌ವರ್ಡ್ ಬದಲಿಸಿದ ನಾನು ಅವರ ಯಂತ್ರದಲ್ಲಿ ಹೊಸದನ್ನು ತುಂಬಿಸಲು ಮರೆತೆ. ಪರದೆಯ ಮೇಲ್ಭಾಗದಲ್ಲಿ ಒಂದು ಸೂಚನೆ ಬಂದು ನಾಲ್ಕೈದು ಸೆಕೆಂಡಿನಲ್ಲಿ ಮರೆಯಾಯಿತಂತೆ, ಅವರು ಆಗ ಯಾರಿಗೋ ಪುಸ್ತಕ ಕೊಡುತ್ತಿದ್ದರು. ಎಂಟು ದಿನ ಒಂದು ಕಡತವೂ ಏರಲಿಲ್ಲ. ಮಾಸಿಕ ಪತ್ರಿಕೆಯ ತಿದ್ದಿದ ಪುಟ ಮುದ್ರಣಾಲಯಕ್ಕೆ ತಲುಪದೆ, ಉಪನ್ಯಾಸ ಭಾನುವಾರ ಎಂದಿರಬೇಕಾದಲ್ಲಿ ಶನಿವಾರ ಎಂದೇ ಅಚ್ಚಾಯಿತು. ನಾನ್ನೂರು ಪ್ರತಿಗಳಿಗೂ ಕೈಯಿಂದ ಚೀಟಿ ಅಂಟಿಸಿದೆವು. ಪಾಸ್‌ವರ್ಡ್ ಮರೆತ ತಪ್ಪು ನನ್ನದೇ, ಅದನ್ನು ಯಾರ ಮೇಲೂ ಹೊರಿಸುತ್ತಿಲ್ಲ. ಆದರೆ ಮೋಡ ಕೆಂಪಾಗಿ ಕಂಡಿದ್ದರೆ ಅಕ್ಕ ಅಂದೇ ಫೋನ್ ಮಾಡುತ್ತಿದ್ದರು.

ಇನ್ನೆರಡು ತೊಡಕುಗಳೂ ಇವೆ. ಸಂದೇಶ ಕಳುಹಿಸುವ ತಂತ್ರಾಂಶದ ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಿದರೆ ಅದು ನಿಂತಿತೋ, ಒಳಗೇ ಓಡುತ್ತಿದೆಯೋ ತಿಳಿಯುವುದಿಲ್ಲ. ಕನ್ನಡ ಟೈಪಿಂಗಿಗೆಂದು ನಾನು ಹಾಕಿದ ಎಫ್‌ಸಿಟಿಎಕ್ಸ್ ಈಗ ಯಾವ ಭಾಷೆಯಲ್ಲಿದೆ ಎಂಬುದನ್ನು ತೋರಿಸುವ ಗುರುತೂ ಇಲ್ಲ.

ಅಂತರಜಾಲದಲ್ಲಿ ಹುಡುಕಿದಾಗ, ಈ ಐಕಾನ್‌ಗಳ ಜಾಗವನ್ನು ಗ್ನೋಮ್ ಬೇಕೆಂದೇ ತೆಗೆದಿದೆ ಎಂದೂ, ಅದರ ಬಗ್ಗೆ ವರ್ಷಗಟ್ಟಲೆ ವಾಗ್ವಾದ ನಡೆದಿದೆ ಎಂದೂ ತಿಳಿಯಿತು. ತೆಗೆದವರ ವಾದವೇನು, ಅದರಲ್ಲಿ ಹುರುಳಿದೆಯೇ ಎಂಬುದು ನನ್ನ ಮೊದಲ ಪ್ರಶ್ನೆ. ಆರು ಯಂತ್ರಗಳಲ್ಲಿ ಐಕಾನ್‌ಗಳನ್ನು ಮರಳಿ ತರುವ ಎಕ್ಸ್‌ಟೆನ್ಶನ್ (ಗ್ನೋಮ್‌ಗೆ ಹೊರಗಿನಿಂದ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿ ಮುಂದುವರಿಯಲೇ, ಡೆಸ್ಕ್‌ಟಾಪನ್ನೇ ಬದಲಿಸಲೇ ಎಂಬುದು ಎರಡನೆಯದು.

ಕೋಥ್ರೂಡ್_ಕನ್ನಡಿಗ ಅವರ ಉತ್ತರ

ನಮಸ್ಕಾರ. ಪುಣೆಯಲ್ಲಿ ಲಿನಕ್ಸ್ ಯಂತ್ರಗಳ ನಿರ್ವಹಣೆಯೇ ನನ್ನ ಹೊಟ್ಟೆಪಾಡು, ಮನೆಯಲ್ಲೂ ಗ್ನೋಮ್ ಬಳಸುತ್ತೇನೆ. ಆದ್ದರಿಂದ ನನ್ನ ಮಾತು ಒಂದು ಪಕ್ಷದ ಮಾತೆಂದು ತಿಳಿದೇ ಓದಿ.

ಈ ಜಾಗವನ್ನು ಜನಸಾಮಾನ್ಯರಿಗೆ ಪರಿಚಯಿಸಿದ್ದು ವಿಂಡೋಸ್ 95. ಮೈಕ್ರೋಸಾಫ್ಟ್ ಅದಕ್ಕಿಟ್ಟ ಹೆಸರು ನೋಟಿಫಿಕೇಶನ್ ಏರಿಯಾ, ಜನರ ಬಾಯಲ್ಲಿ ಉಳಿದದ್ದು ಸಿಸ್ಟಮ್ ಟ್ರೇ. ಮುದ್ರಣ ನಡೆಯುತ್ತಿದೆ, ಬ್ಯಾಟರಿ ಇಷ್ಟಿದೆ, ಹೊಸ ಅಂಚೆ ಬಂದಿದೆ ಎಂಬಂಥ ಸಂಗತಿಗಳನ್ನು ಆಗಾಗ ತಿಳಿಸಿ ಮರೆಯಾಗಲೆಂದು ಮಾಡಿದ್ದ ಸ್ಥಳ ಅದು. ಆದರೆ ಕೆಲವೇ ವರ್ಷಗಳಲ್ಲಿ ಪ್ರಿಂಟರಿನವರು, ಸೌಂಡ್ ಕಾರ್ಡಿನವರು, ಸಂಗೀತ ಕೇಳಿಸುವ ತಂತ್ರಾಂಶದವರು, ಎಲ್ಲರೂ ಅಲ್ಲೊಂದು ಐಕಾನ್ ಇಟ್ಟು ಶಾಶ್ವತವಾಗಿ ತಳವೂರಿದರು. 2001ರ ವಿಂಡೋಸ್ ಎಕ್ಸ್‌ಪಿ, ಬಳಕೆಯಲ್ಲಿಲ್ಲದ ಐಕಾನ್‌ಗಳನ್ನು ತಾನೇ ಮರೆಮಾಡತೊಡಗಿತು. 2009ರ ವಿಂಡೋಸ್ 7 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಸದಾಗಿ ಬಂದ ಐಕಾನ್‌ಗಳನ್ನು ಆರಂಭದಿಂದಲೇ ಬಾಣದ ಗುರುತಿನ ಹಿಂದಿನ ಪೆಟ್ಟಿಗೆಗೆ ತಳ್ಳಿತು. ಜಾಗವನ್ನು ಕಟ್ಟಿದವರೇ ಅದನ್ನು ಮುಚ್ಚಿಡಲು ದಾರಿ ಹುಡುಕಬೇಕಾಯಿತು ಎಂಬುದನ್ನು ಗಮನಿಸಬೇಕು.

ಗ್ನೋಮ್ ಒಂದೇ ಏಟಿಗೆ ತೆಗೆದದ್ದೂ ಅಲ್ಲ. 2011ರ ಗ್ನೋಮ್ 3.0ರಲ್ಲಿ ಈ ಐಕಾನ್‌ಗಳು ಪರದೆಯ ಕೆಳಗಿನ ಮೆಸೇಜ್ ಟ್ರೇಗೆ ಹೋದವು. 2015ರ 3.16ರಲ್ಲಿ ಕೆಳಗಿನ ಎಡಮೂಲೆಯ ಒಂದು ಸರಿಸುವ ಪಟ್ಟಿಗೆ ಸರಿದವು. 2017ರ ಸೆಪ್ಟೆಂಬರಿನಲ್ಲಿ ಬಂದ 3.26ರಲ್ಲಿ ಆ ಪಟ್ಟಿಯನ್ನೂ ತೆಗೆಯಲಾಯಿತು. ಅದಕ್ಕೂ ಮೊದಲೇ, 2014ರಲ್ಲಿ, ಇಂಥ ಐಕಾನ್ ಮಾಡಲು ಜಿಟಿಕೆಯಲ್ಲಿ, ಅಂದರೆ ಗ್ನೋಮ್‌ನ ಅಪ್ಲಿಕೇಶನ್‌ಗಳನ್ನು ಬರೆಯಲು ಬಳಸುವ ಪರಿಕರಗಳ ಕಟ್ಟಿನಲ್ಲಿ, ಇದ್ದ ಸಾಧನವನ್ನು ಇನ್ನು ಬಳಸಬೇಡಿ ಎಂದು ಗುರುತು ಮಾಡಿದ್ದರು. 2020ರ ಕೊನೆಯಲ್ಲಿ ಬಂದ ಜಿಟಿಕೆ 4ರಲ್ಲಿ ಅದು ಇಲ್ಲವೇ ಇಲ್ಲ.

ಇದರ ಹಿಂದೆ ಅಭಿರುಚಿಯಷ್ಟೇ ಇದ್ದಿದ್ದರೆ ನಾನು ಪಕ್ಷ ವಹಿಸುತ್ತಿರಲಿಲ್ಲ. ಲಿನಕ್ಸ್‌ನಲ್ಲಿ ಹಳೆಯ ಪದ್ಧತಿಯ ಹೆಸರು ಎಕ್ಸ್‌ಎಂಬೆಡ್. ಅದರಲ್ಲಿ ಐಕಾನ್ ಎಂಬುದು ಚಿತ್ರವಲ್ಲ, ಅದೊಂದು ಪೂರ್ಣ ಪ್ರಮಾಣದ ವಿಂಡೋ. ಅದನ್ನು ಬರೆಯುವುದು ಅಪ್ಲಿಕೇಶನ್, ಅದು ಕೂರುವುದು ಪ್ಯಾನೆಲ್‌ನೊಳಗೆ, ಅಂದರೆ ಗಡಿಯಾರವಿರುವ ಪಟ್ಟಿಯೊಳಗೆ, ಒಬ್ಬರ ಮನೆಯ ಗೋಡೆಯಲ್ಲಿ ಇನ್ನೊಬ್ಬರು ತಮ್ಮ ಕಿಟಕಿ ಕೂರಿಸಿದ ಹಾಗೆ. ಒಳಗೇನಿದೆ ಎಂಬುದು ಪ್ಯಾನೆಲ್‌ಗೆ ಗೊತ್ತಿಲ್ಲ. ಕಣ್ಣು ಕಾಣದವರಿಗಾಗಿ ಓದಿ ಹೇಳುವ ತಂತ್ರಾಂಶಕ್ಕೆ ಅಲ್ಲಿ ಓದಲು ಏನೂ ಸಿಗುವುದಿಲ್ಲ, ಕೀಬೋರ್ಡಿನಿಂದ ಅಲ್ಲಿಗೆ ಹೋಗುವ ದಾರಿಯಿಲ್ಲ, ಹೆಚ್ಚು ಸಾಂದ್ರತೆಯ ಪರದೆಗಳಲ್ಲಿ ಐಕಾನ್ ಸಾಸಿವೆಯಷ್ಟಾಗಿ ಕಾಣುತ್ತದೆ. ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುವ ಹೊಸ ಪದ್ಧತಿಯಾದ ವೇಲ್ಯಾಂಡ್ ಬಂದ ಮೇಲಂತೂ ಒಂದು ಅಪ್ಲಿಕೇಶನ್ ತನ್ನ ವಿಂಡೋವನ್ನು ಇನ್ನೊಂದರೊಳಗೆ ಹೀಗೆ ಕೂರಿಸುವ ಏರ್ಪಾಡೇ ಇಲ್ಲ.

ಗ್ನೋಮ್‌ನ ನಿಲುವು ಹೀಗಿದೆ: ನೆಟ್‌ವರ್ಕ್, ಬ್ಯಾಟರಿ, ಧ್ವನಿ, ಕೀಬೋರ್ಡಿನ ಭಾಷೆ ಮುಂತಾದ ವ್ಯವಸ್ಥೆಯ ಸ್ಥಿತಿಯನ್ನು ಡೆಸ್ಕ್‌ಟಾಪ್ ತಾನೇ ತೋರಿಸಬೇಕು, ಅಪ್ಲಿಕೇಶನ್‌ಗಳು ಹೇಳಬೇಕಾದದ್ದನ್ನು ಸೂಚನೆಗಳ ಮೂಲಕ ಹೇಳಬೇಕು. ನನಗೆ ಇದು ಒಪ್ಪಿಗೆ.

ನಿಮ್ಮ ಕೀಬೋರ್ಡಿನ ತೊಡಕಿಗೆ ಪರಿಹಾರವೂ ಇಲ್ಲೇ ಇದೆ. ಕನ್ನಡಕ್ಕೆ ಎಫ್‌ಸಿಟಿಎಕ್ಸ್ ಬೇಕಾಗಿಯೇ ಇಲ್ಲ. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಇನ್‌ಪುಟ್ ಸೋರ್ಸ್ ಸೇರಿಸುವಾಗ ‘ಕನ್ನಡ, ಕಗಪ’ ವಿನ್ಯಾಸವನ್ನು ಆರಿಸಿ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ ಅದು, ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತುವ ರೂಢಿಯೂ ಹಾಗೆಯೇ ಇದೆ. ಎರಡು ಭಾಷೆಗಳಿದ್ದರೆ ಈಗ ಯಾವುದಿದೆ ಎಂಬ ಗುರುತನ್ನು ಮೇಲಿನ ಪಟ್ಟಿಯಲ್ಲಿ ಗ್ನೋಮ್ ತಾನಾಗಿಯೇ ತೋರಿಸುತ್ತದೆ, ಸೂಪರ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಬದಲಿಸಬಹುದು.

ವಾಸ್ಕೋ_ಟೈಪಿಂಗ್ ಅವರ ಉತ್ತರ

ಕೋಥ್ರೂಡಿನ ಸರ್ ಇತಿಹಾಸವನ್ನು ಚೆನ್ನಾಗಿ ಹೇಳಿದ್ದಾರೆ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಆ ಇತಿಹಾಸದಿಂದ ಅವರು ತಲುಪಿದ ತೀರ್ಮಾನ, ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತಿದೆ.

ಗೋವಾದ ವಾಸ್ಕೋದಲ್ಲಿ ನನ್ನದೊಂದು ಟೈಪಿಂಗ್ ಮತ್ತು ಅರ್ಜಿ ತುಂಬಿಕೊಡುವ ಅಂಗಡಿ. ಬಾಗಲಕೋಟೆ, ವಿಜಯಪುರ, ಗದಗದ ಕಡೆಯಿಂದ ದುಡಿಯಲು ಬಂದವರು ಊರಿನ ತಹಸೀಲ್ದಾರರಿಗೆ ಕನ್ನಡದಲ್ಲಿ ಅರ್ಜಿ ಬರೆಸುತ್ತಾರೆ, ಇಲ್ಲಿನ ಪಂಚಾಯಿತಿಗೆ ಕೊಂಕಣಿಯಲ್ಲೋ ಮರಾಠಿಯಲ್ಲೋ ಬರೆಸುತ್ತಾರೆ, ಉಳಿದದ್ದೆಲ್ಲ ಇಂಗ್ಲಿಷ್. ದಿನಕ್ಕೆ ನೂರು ಸಲ ಲಿಪಿ ಬದಲಿಸುವವನು ನಾನು. ಅರ್ಜಿದಾರರ ಖಾತೆಗೆ ಪಾಸ್‌ವರ್ಡ್ ಹಾಕುವಾಗ ಪರದೆಯ ಮೇಲೆ ಬರೀ ಚುಕ್ಕೆಗಳು ಕಾಣುತ್ತವೆ, ಒಳಗೆ ಬೀಳುತ್ತಿರುವುದು ಇಂಗ್ಲಿಷಿನ ‘ಎ’ಯೋ ಕನ್ನಡದ ‘ಅ’ವೋ ಎಂದು ಚುಕ್ಕೆ ಹೇಳುವುದಿಲ್ಲ. ಮೂರು ಸಲ ತಪ್ಪಿದರೆ ಖಾತೆಗೆ ಬೀಗ, ಎದುರಿಗೆ ಒಂದು ದಿನದ ಕೂಲಿ ಬಿಟ್ಟು ಬಂದು ಕುಳಿತ ಮನುಷ್ಯ. ಗಡಿಯಾರದ ಪಕ್ಕದ ಆ ಒಂದು ಅಕ್ಷರದ ಗುರುತು ನನಗೆ ಅಲಂಕಾರವಲ್ಲ.

ಕೀಬೋರ್ಡಿನ ಗುರುತನ್ನು ಗ್ನೋಮ್ ತಾನೇ ತೋರಿಸುತ್ತದಲ್ಲ ಎಂದು ನೀವು ಹೇಳುತ್ತೀರಿ. ನಿಜ, ತೋರಿಸುತ್ತದೆ, ಮತ್ತು ನನ್ನ ಪ್ರಶ್ನೆ ಹುಟ್ಟುವುದೇ ಅಲ್ಲಿಂದ. ಯಾವುದು ವ್ಯವಸ್ಥೆಯ ಸ್ಥಿತಿ, ಯಾವುದು ಬರೀ ಅಪ್ಲಿಕೇಶನ್ನಿನ ವ್ಯವಹಾರ ಎಂದು ಗೆರೆ ಎಳೆಯುವವರು ಯಾರು? ವೈಫೈ ಇದೆಯೋ ಇಲ್ಲವೋ ಎಂಬುದು ಇಡೀ ದಿನ ಕಣ್ಣೆದುರು ಇರಬೇಕಾದ ಸಂಗತಿ, ಆದರೆ ವಾಚನಾಲಯದ ಅಷ್ಟೂ ಕಡತಗಳು ಸರ್ವರಿಗೆ ಏರುತ್ತಿವೆಯೋ ಇಲ್ಲವೋ ಎಂಬುದು ನಾಲ್ಕು ಸೆಕೆಂಡು ಹೊಳೆದು ಮರೆಯಾದರೆ ಸಾಕು ಎಂದರೆ, ಆ ಗೆರೆಯನ್ನು ಎಳೆದವರು ಮಾಟುಂಗಾದ ಅಕ್ಕನ ಕುರ್ಚಿಯಲ್ಲಿ ಕುಳಿತು ನೋಡಿಲ್ಲ ಎಂದೇ ಅರ್ಥ. ಸೂಚನೆ ಎನ್ನುವುದು ಒಂದು ಘಟನೆಯನ್ನು ಹೇಳುತ್ತದೆ. ಈಗ ಹೇಗಿದೆ ಎಂಬುದನ್ನು ಹೇಳಲು ಅದಕ್ಕೆ ಬರುವುದಿಲ್ಲ. ಎಲ್ಲ ಸರಿಯಾಗಿದೆ ಎಂಬುದನ್ನಂತೂ ಅದು ಹೇಳುವುದೇ ಇಲ್ಲ, ಅಕ್ಕ ಪ್ರತಿ ಸಂಜೆ ನೋಡುತ್ತಿದ್ದದ್ದು ಅದನ್ನೇ.

ಎಕ್ಸ್‌ಎಂಬೆಡ್ ಕೆಟ್ಟದ್ದು ಎಂಬ ಮಾತು ಸರಿ. ಆದರೆ ಅದಕ್ಕೆ ಬದಲಿ ಇರಲಿಲ್ಲವೇ? ಗ್ನೋಮ್‌ನಂತೆಯೇ ಇನ್ನೊಂದು ಡೆಸ್ಕ್‌ಟಾಪ್ ಮಾಡುವ ಕೆಡಿಇಯವರು ಸ್ಟೇಟಸ್‌ನೋಟಿಫೈಯರ್‌ಐಟಂ ಎಂಬ ಪದ್ಧತಿಯನ್ನು ತಂದು ಎಷ್ಟು ಕಾಲವಾಯಿತು! ಅದರಲ್ಲಿ ಅಪ್ಲಿಕೇಶನ್ ತನ್ನ ವಿಂಡೋವನ್ನು ತಂದು ಕೂರಿಸುವುದಿಲ್ಲ. ತನ್ನ ಹೆಸರು, ಐಕಾನ್, ಮೆನು, ಜೊತೆಗೆ ತಾನು ಸುಮ್ಮನಿದ್ದೇನೆಯೇ, ಕೆಲಸದಲ್ಲಿದ್ದೇನೆಯೇ, ನಿಮ್ಮ ಗಮನ ಬೇಕೇ ಎಂಬ ಮೂರು ಸ್ಥಿತಿಗಳಲ್ಲಿ ಒಂದನ್ನು ಡಿ-ಬಸ್ ಎಂಬ, ತಂತ್ರಾಂಶಗಳು ತಮ್ಮೊಳಗೆ ಸಂದೇಶ ಕಳುಹಿಸಿಕೊಳ್ಳುವ ಏರ್ಪಾಡಿನ ಮೂಲಕ ತಿಳಿಸುತ್ತದೆ. ಅದನ್ನು ಬರೆಯುವುದು, ಅಳತೆಗೆ ಹೊಂದಿಸುವುದು ಪ್ಯಾನೆಲ್‌ನ ಕೆಲಸ. ಫೆಡೋರಾದಂಥದ್ದೇ ಇನ್ನೊಂದು ಲಿನಕ್ಸ್ ಆದ ಉಬುಂಟು 2010ರಲ್ಲೇ ಇದನ್ನು ಆಧರಿಸಿ ಆಪ್‌ಇಂಡಿಕೇಟರ್ ತಂದಿತು. ವೇಲ್ಯಾಂಡ್‌ನಲ್ಲೂ ಇದು ನಡೆಯುತ್ತದೆ. 2017ರ ಸೆಪ್ಟೆಂಬರಿನಲ್ಲಿ ಗ್ನೋಮ್ 3.26 ಈ ಜಾಗವನ್ನು ಕೈಬಿಟ್ಟರೆ, ಅದೇ 3.26ನ್ನು ಇಟ್ಟುಕೊಂಡು ಮುಂದಿನ ತಿಂಗಳು ಬಂದ ಉಬುಂಟು 17.10, ಎಕ್ಸ್‌ಟೆನ್ಶನ್ ಸೇರಿಸಿ ಐಕಾನ್‌ಗಳನ್ನು ವಾಪಸು ತಂದಿತು. ತನ್ನ ಬಳಕೆದಾರರನ್ನು ಬಲ್ಲ ಅಂಗಡಿಯವನು ಮಾಡುವ ಕೆಲಸ ಅದು.

ನಾನು ಬಳಸುವುದು ಕೆಡಿಇಯವರ ಡೆಸ್ಕ್‌ಟಾಪ್ ಆದ ಪ್ಲಾಸ್ಮಾ. ಅದರ ಸಿಸ್ಟಮ್ ಟ್ರೇಯ ಸೆಟ್ಟಿಂಗಿನಲ್ಲಿ ಪ್ರತಿಯೊಂದು ಐಕಾನ್‌ಗೂ ‘ಅಗತ್ಯವಿದ್ದಾಗ ತೋರಿಸು’, ‘ಯಾವಾಗಲೂ ತೋರಿಸು’, ‘ಯಾವಾಗಲೂ ಮರೆಮಾಡು’ ಎಂಬ ಆಯ್ಕೆಗಳಿವೆ. ಪ್ರಿಂಟರಿನವರ ಜಾಹೀರಾತಿನ ಐಕಾನನ್ನು ಮರೆಮಾಡಿದ್ದೇನೆ, ಭಾಷೆಯ ಗುರುತನ್ನು ಯಾವಾಗಲೂ ಕಾಣುವಂತೆ ಇಟ್ಟಿದ್ದೇನೆ. ಎಕ್ಸ್‌ಎಂಬೆಡ್‌ನ ಹಳೆಯ ಐಕಾನ್‌ಗಳನ್ನು ಹೊಸ ಪದ್ಧತಿಗೆ ಹೊಂದಿಸಿಕೊಡುವ ಮಧ್ಯವರ್ತಿಯೂ ಅದರಲ್ಲಿದೆ. ಕಸ ಬೀಳುತ್ತದೆಂದು ಅಂಗಳಕ್ಕೇ ಗೋಡೆ ಕಟ್ಟುವ ಬದಲು, ಮನೆಯವನ ಕೈಗೆ ಕಸಬರಿಗೆ ಕೊಟ್ಟಿದ್ದಾರೆ.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಸರಳ. 2025ರ ಏಪ್ರಿಲ್‌ನಲ್ಲಿ ಬಂದ ಫೆಡೋರಾ 42ರಿಂದ ಪ್ಲಾಸ್ಮಾ ಆವೃತ್ತಿಗೂ ವರ್ಕ್‌ಸ್ಟೇಶನ್ನಿನ ಸಮಾನ ಸ್ಥಾನವಿದೆ. ಅದನ್ನೇ ಹಾಕಿಬಿಡಿ.

ಡೊಂಬಿವಲಿ_ಲೋಕಲ್ ಅವರ ಉತ್ತರ

ಇಬ್ಬರ ಮಾತನ್ನೂ ಓದಿದೆ. ನಾನು ಡೆಸ್ಕ್‌ಟಾಪ್ ಅಪ್ಲಿಕೇಶನ್‌ಗಳನ್ನು ಬರೆಯುವವಳು, ಅಂದರೆ ಈ ಜಗಳದಲ್ಲಿ ಆರೋಪಿಯ ಸ್ಥಾನದಲ್ಲಿರುವವಳು. ಹಿಂದೆ ಒಂದು ಸಂಸ್ಥೆಯಲ್ಲಿದ್ದಾಗ ಬಿಲ್ ಮಾಡುವ ತಂತ್ರಾಂಶಕ್ಕೆ ಟ್ರೇ ಐಕಾನ್ ಸೇರಿಸಿದವಳು ನಾನೇ. ಅದು ತೋರಿಸಬೇಕಾದ ಸ್ಥಿತಿ ಯಾವುದೂ ಇರಲಿಲ್ಲ. ಗ್ರಾಹಕರ ಕಣ್ಣಿಗೆ ನಮ್ಮ ಲಾಂಛನ ದಿನವಿಡೀ ಬೀಳುತ್ತಿರಲಿ ಎಂದು ಮೇಲಿನವರು ಹೇಳಿದರು, ನಾನು ಬರೆದೆ. ಆದ್ದರಿಂದ ಕೋಥ್ರೂಡಿನವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಆದರೆ ಆ ಒಂದು ಐಕಾನ್ ಬೇರೆ ಬೇರೆ ಕೆಲಸಗಳನ್ನು ಒಟ್ಟಿಗೆ ಹೊತ್ತಿದೆ ಎಂಬುದನ್ನು ಇಬ್ಬರೂ ಬಿಡಿಸಿ ನೋಡಿಲ್ಲ. ಸ್ಥಿತಿ ತೋರಿಸುವುದು ಒಂದು. ಸಂಗೀತ ನಿಲ್ಲಿಸು, ಏರಿಕೆ ತಡೆ ಎಂಬಂಥ ಚಿಕ್ಕ ಆಜ್ಞೆಗಳನ್ನು ಕೈಗೆಟುಕಿಸುವುದು ಇನ್ನೊಂದು. ಮುಚ್ಚಿದ ವಿಂಡೋಗೆ ಮರಳುವ ಬಾಗಿಲಾಗುವುದು ಮೂರನೆಯದು, ಹೆಚ್ಚು ಗೋಳು ಕೊಡುವುದೂ ಅದೇ. ಮೂಲೆಯ ಗುಣಾಕಾರ ಚಿಹ್ನೆಗೆ ‘ಮುಗಿಸು’ ಎಂಬ ಅರ್ಥವಿದ್ದದ್ದನ್ನು ‘ಅಡಗಿಕೋ’ ಎಂದು ನಾವು ಪ್ರೋಗ್ರಾಮರುಗಳು ಬದಲಿಸಿದೆವು, ಅಡಗಿದವನು ಎಲ್ಲಿದ್ದಾನೆ ಎಂದು ತೋರಿಸಲು ಟ್ರೇ ಇದೆಯಲ್ಲ ಎಂಬ ಧೈರ್ಯದಿಂದ. ಟ್ರೇ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಅದೇ ಅಪ್ಲಿಕೇಶನ್ ಓಡಿದಾಗ, ಅಡಗಿದವನು ಅಡಗಿಯೇ ಇರುತ್ತಾನೆ. ನಿಮ್ಮ ಸಂದೇಶದ ತಂತ್ರಾಂಶದಲ್ಲಿ ಆಗುತ್ತಿರುವುದು ಇದು. ಸಾಮಾನ್ಯವಾಗಿ ಅದನ್ನು ಮೆನುವಿನಿಂದ ಇನ್ನೊಮ್ಮೆ ತೆರೆದರೆ ಹಳೆಯ ವಿಂಡೋವೇ ಎದ್ದು ಬರುತ್ತದೆ, ಮತ್ತು ಅದರ ಸೆಟ್ಟಿಂಗಿನಲ್ಲಿ ‘ಮುಚ್ಚಿದಾಗ ಟ್ರೇಗೆ ಹೋಗು’ ಎಂಬುದನ್ನು ತೆಗೆದುಹಾಕಿದರೆ ಗೊಂದಲ ಅಲ್ಲಿಗೆ ಮುಗಿಯುತ್ತದೆ.

ಈ ಮೂರನೆಯ ಕೆಲಸಕ್ಕೆ ಗ್ನೋಮ್‌ನವರೂ ಕೊನೆಗೆ ಉತ್ತರ ಕೊಡಬೇಕಾಯಿತು. 2023ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 44ರಲ್ಲಿ, ಮೇಲಿನ ಬಲಮೂಲೆಯ ಕ್ವಿಕ್ ಸೆಟ್ಟಿಂಗ್ಸ್ ತೆರೆದರೆ, ವಿಂಡೋ ಇಲ್ಲದೆ ಹಿನ್ನೆಲೆಯಲ್ಲಿ ಓಡುತ್ತಿರುವ ಅಪ್ಲಿಕೇಶನ್‌ಗಳ ಪಟ್ಟಿ ಕಾಣುತ್ತದೆ, ಅಲ್ಲಿಂದಲೇ ಅವನ್ನು ನಿಲ್ಲಿಸಲೂಬಹುದು. ಅಪ್ಲಿಕೇಶನ್ ಬಯಸಿದರೆ ತನ್ನ ಹೆಸರಿನ ಕೆಳಗೆ ಒಂದು ಸಾಲಿನ ಸ್ಥಿತಿಯನ್ನೂ ಬರೆಯಬಹುದು. ಆದರೆ ಆ ಪಟ್ಟಿಗೆ ಬರುವುದು ಫ್ಲ್ಯಾಟ್‌ಪ್ಯಾಕ್ (ಯಾವ ಲಿನಕ್ಸ್‌ನಲ್ಲೂ ನಡೆಯುವ ಪ್ಯಾಕೇಜ್) ರೂಪದಲ್ಲಿ ಹಾಕಿದವು ಮಾತ್ರ, ಫೆಡೋರಾದ ಸ್ವಂತ ಪ್ಯಾಕೇಜುಗಳ ಆರ್‌ಪಿಎಂ ಭಂಡಾರದಿಂದ ಹಾಕಿದವು ಅಲ್ಲಿ ಕಾಣುವುದಿಲ್ಲ. ಅಲ್ಲದೆ, ತೆರೆದು ನೋಡಿದರೆ ಮಾತ್ರ ಕಾಣುವ ಪಟ್ಟಿ ಅದು. ಮಾಟುಂಗಾದ ಅಕ್ಕನ ಸಂಜೆಯ ಒಂದು ನೋಟಕ್ಕೆ ಅದು ಸಾಟಿಯಲ್ಲ ಎಂಬಲ್ಲಿ ನಾನು ವಾಸ್ಕೋದವರ ಪಕ್ಷ.

ಆದರೆ ವಾಸ್ಕೋದವರು ಹೊಗಳಿದ ಹೊಸ ಪದ್ಧತಿಯೂ ಬರೆಯುವವರ ಪಾಲಿಗೆ ನುಣ್ಣಗಿನ ಬೆಟ್ಟವೇ. ಐಕಾನ್ ಮೇಲೆ ಎಡಗುಂಡಿ ಒತ್ತಿದರೆ ವಿಂಡೋ ತೆರೆಯಬೇಕೇ, ಮೆನು ಬರಬೇಕೇ? ಪ್ಲಾಸ್ಮಾದಲ್ಲಿ ಒಂದು ಬಗೆ, ಉಬುಂಟು ತಂದ ಆಪ್‌ಇಂಡಿಕೇಟರ್‌ನಲ್ಲಿ ಎಲ್ಲದಕ್ಕೂ ಮೆನುವೇ. ನಾನು ಬರೆದ ಒಂದೇ ಅಪ್ಲಿಕೇಶನ್ ಮೂರು ಡೆಸ್ಕ್‌ಟಾಪ್‌ಗಳಲ್ಲಿ ಮೂರು ರೀತಿ ನಡೆದುಕೊಂಡಿದೆ, ಬೈಗುಳ ಮಾತ್ರ ಮೂರೂ ಕಡೆಯಿಂದ ನನಗೇ ಬಂದಿದೆ. ಕಾಸು ಕೊಟ್ಟು ಕೊಳ್ಳುವ ಕಡೆಯೂ ಪರಿಸ್ಥಿತಿ ಬೇರೆಯಲ್ಲ: 2021ರಲ್ಲಿ ಪರದೆಯ ಮೇಲಂಚಿನಲ್ಲಿ ಕ್ಯಾಮರಾದ ಕಚ್ಚು ಇರುವ ಮ್ಯಾಕ್‌ಬುಕ್ ಪ್ರೊ ಬಂದಾಗ, ಮೆನು ಪಟ್ಟಿಯ ಐಕಾನ್‌ಗಳು ಹೆಚ್ಚಾದರೆ ಆ ಕಚ್ಚಿನ ಹಿಂದೆ ಮಾಯವಾಗುತ್ತಿದ್ದವು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ನಿಮ್ಮ ಎಂಟು ದಿನಗಳ ಬಗ್ಗೆ. ಲಿನಕ್ಸ್ ಡೆಸ್ಕ್‌ಟಾಪ್‌ಗಳ ಸೂಚನೆಗೆ ಮೂರು ಮಟ್ಟಗಳಿವೆ: ಕಡಿಮೆ, ಸಾಮಾನ್ಯ, ತುರ್ತು. ತುರ್ತು ಎಂದು ಕಳುಹಿಸಿದ್ದು ತಾನಾಗಿ ಮರೆಯಾಗಬಾರದು, ಬಳಕೆದಾರ ಅದನ್ನು ಮುಚ್ಚುವವರೆಗೂ ಇರಬೇಕು ಎಂಬುದು ನಿಯಮ, ಗ್ನೋಮ್ ಅದನ್ನು ಪಾಲಿಸುತ್ತದೆ. ಪಾಸ್‌ವರ್ಡ್ ತಿರಸ್ಕೃತವಾಗಿ ಕೆಲಸವೇ ನಿಂತುಹೋದ ಸಂಗತಿಯನ್ನು ‘ಹೊಸ ಕಡತ ಬಂತು’ ಎಂಬಷ್ಟೇ ಹಗುರವಾಗಿ ಸಾಮಾನ್ಯ ಮಟ್ಟದಲ್ಲಿ ಕಳುಹಿಸಿದವರು ನನ್ನಂಥ ಪ್ರೋಗ್ರಾಮರುಗಳು. ಐಕಾನ್ ಕೆಂಪಾಗುತ್ತದಲ್ಲ, ಸೂಚನೆ ಹೇಗಿದ್ದರೂ ನಡೆಯುತ್ತದೆ ಎಂದು ಬರೆದಿರುತ್ತೇವೆ. ಆ ತಂತ್ರಾಂಶದ ಮೂಲದವರಿಗೆ ಇದನ್ನು ತಿಳಿಸಿ, ಇದು ಒಂದೆರಡು ಸಾಲಿನ ತಿದ್ದುಪಡಿ.

ಕೋಥ್ರೂಡ್_ಕನ್ನಡಿಗ ಅವರ ಉತ್ತರ

ಡೊಂಬಿವಲಿಯ ಮೇಡಂ ಹೇಳಿದ ತುರ್ತು ಸೂಚನೆಯ ಮಾತು ಸರಿಯಾದದ್ದು, ನಾನೇ ಅದನ್ನು ಮೊದಲು ಹೇಳಬೇಕಿತ್ತು. ವಾಸ್ಕೋದ ಸರ್, ‘ಎಲ್ಲ ಸರಿಯಾಗಿದೆ ಎಂಬುದನ್ನು ಸೂಚನೆ ಹೇಳುವುದಿಲ್ಲ’ ಎಂಬ ನಿಮ್ಮ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಒಪ್ಪಿದೆ. ಆದರೂ ಪ್ರತಿಯೊಂದು ಅಪ್ಲಿಕೇಶನ್‌ಗೂ ಆ ಜಾಗದ ಹಕ್ಕಿದೆ ಎಂಬುದನ್ನು ಒಪ್ಪಲಾರೆ.

ಎಕ್ಸ್‌ಟೆನ್ಶನ್ ಹಾಕುವುದಾದರೆ ಒಂದು ಎಚ್ಚರಿಕೆ. ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುತ್ತದೆ, ಆ ಆವೃತ್ತಿಗೆ ಹೊಂದುತ್ತದೆಂದು ಘೋಷಿಸಿಕೊಳ್ಳದ ಎಕ್ಸ್‌ಟೆನ್ಶನ್ ತಾನಾಗಿ ನಿಂತುಹೋಗುತ್ತದೆ. 2023ರ ಸೆಪ್ಟೆಂಬರಿನ ಗ್ನೋಮ್ 45ರಲ್ಲಿ ಒಳಗಿನ ಮಾಡ್ಯೂಲ್ ಪದ್ಧತಿಯೇ ಬದಲಾದ್ದರಿಂದ ಎಲ್ಲ ಎಕ್ಸ್‌ಟೆನ್ಶನ್‌ಗಳನ್ನೂ ತಿದ್ದಿ ಬರೆಯಬೇಕಾಯಿತು. ಆದ್ದರಿಂದ ಜಾಲತಾಣದಿಂದ ಇಳಿಸಿಕೊಳ್ಳುವ ಬದಲು ಫೆಡೋರಾದ ಭಂಡಾರದಲ್ಲೇ ಇರುವ ಆಪ್‌ಇಂಡಿಕೇಟರ್ ಎಕ್ಸ್‌ಟೆನ್ಶನ್ ಪ್ಯಾಕೇಜನ್ನು ಹಾಕಿ, ಒಮ್ಮೆ ಲಾಗೌಟ್ ಮಾಡಿ ಬಂದು, ಎಕ್ಸ್‌ಟೆನ್ಶನ್ಸ್ ಅಪ್ಲಿಕೇಶನ್ನಿನಲ್ಲಿ ಚಾಲೂ ಮಾಡಿ. ಆವೃತ್ತಿ ಏರಿಸುವಾಗ ಆರನ್ನೂ ಒಟ್ಟಿಗೆ ಏರಿಸಬೇಡಿ.

ಮಾಟುಂಗಾ_ಓದುಗ ಅವರ ಮರುಬರಹ

ಮೂವರಿಗೂ ಕೃತಜ್ಞತೆಗಳು. ಕಳೆದ ಎರಡು ಶನಿವಾರ ಕುಳಿತು ಮಾಡಿದ್ದನ್ನು ಇಲ್ಲಿ ಬರೆದಿಡುತ್ತೇನೆ.

ಓದುಗರು ಬಳಸುವ ನಾಲ್ಕು ಯಂತ್ರಗಳಲ್ಲಿ ಏನನ್ನೂ ಸೇರಿಸಿಲ್ಲ. ಅಲ್ಲಿ ಬ್ರೌಸರ್ ಮತ್ತು ಪುಸ್ತಕಗಳ ಪಟ್ಟಿ ಬಿಟ್ಟರೆ ಬೇರೇನೂ ಓಡುವುದಿಲ್ಲ, ಬರಿದಾದ ಮೇಲಿನ ಪಟ್ಟಿ ಅಲ್ಲಿ ನಿಜಕ್ಕೂ ಚೆನ್ನಾಗಿದೆ. ಕೋಥ್ರೂಡಿನ ಸರ್ ಇಲ್ಲಿ ಗೆದ್ದರು. ಎಫ್‌ಸಿಟಿಎಕ್ಸ್ ತೆಗೆದು ಎಲ್ಲ ಯಂತ್ರಗಳಲ್ಲೂ ಕಗಪ ವಿನ್ಯಾಸ ಸೇರಿಸಿದೆ, ಗುರುತು ಕಾಣುತ್ತಿದೆ.

ಪತ್ರಿಕೆಯ ಪುಟ ಜೋಡಿಸುವ ಯಂತ್ರದಲ್ಲಿ ಪರೀಕ್ಷೆಗೆಂದು ಪ್ಲಾಸ್ಮಾ ಹಾಕಿದೆ. ಪುಟ ಜೋಡಿಸುವ ಹುಡುಗನಿಗೆ ಇಷ್ಟವಾಗಿದೆ. ಅಕ್ಕನ ಯಂತ್ರಕ್ಕೂ ಅದನ್ನೇ ಹಾಕಲೇ ಎಂದು ಕೇಳಿದಾಗ, ಈಗಷ್ಟೇ ಒಂದನ್ನು ಕಲಿತಿದ್ದೇನೆ, ಪುನಃ ಜಾಗ ಬದಲಿಸಬೇಡ ಎಂದರು. ಆದ್ದರಿಂದ ಅಲ್ಲಿ ಗ್ನೋಮ್ ಇಟ್ಟು ಭಂಡಾರದ ಎಕ್ಸ್‌ಟೆನ್ಶನ್ ಹಾಕಿದೆ. ಮೋಡ ಮೇಲಿನ ಬಲಮೂಲೆಗೆ ಬಂದಿತು. ಹಿಂದೆ ಅದು ಕೆಳಗಿತ್ತು, ಹಾಗಾಗಿ ಮೊದಲ ಎರಡು ಸಂಜೆ ಅವರ ಕಣ್ಣು ಕೆಳಗೇ ಹೋಯಿತಂತೆ. ಪರೀಕ್ಷಿಸಲೆಂದು ನಾನು ಬೇಕೆಂದೇ ತಪ್ಪು ಪಾಸ್‌ವರ್ಡ್ ತುಂಬಿದೆ, ಮೋಡ ಕೆಂಪಾಯಿತು. ಸೂಚನೆ ಎಂದಿನಂತೆ ಬಂದು ಹೋಯಿತು. ಅದನ್ನು ತುರ್ತು ಮಟ್ಟಕ್ಕೆ ಏರಿಸಬೇಕೆಂದು ತಂತ್ರಾಂಶದ ಮೂಲದವರಿಗೆ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಮುಂದಿನ ಆವೃತ್ತಿ ಬಂದಾಗ ಎಕ್ಸ್‌ಟೆನ್ಶನ್ ನಿಂತು ಮೋಡವೇ ಮಾಯವಾಗಬಹುದು ಎಂಬುದನ್ನೂ ಅಕ್ಕನಿಗೆ ಹೇಳಿದೆ. ಅವರು ನಾವು ಪತ್ರಿಕೆಗೆ ಅಂಟಿಸಿ ಉಳಿದಿದ್ದ ಚೀಟಿಯೊಂದರ ಹಿಂಬದಿಯಲ್ಲಿ ‘ಮೋಡ ಕೆಂಪಾದರೆ ಅಥವಾ ಕಾಣದಿದ್ದರೆ ಫೋನ್ ಮಾಡುವುದು’ ಎಂದು ಬರೆದು ಮಾನಿಟರಿನ ಅಂಚಿಗೆ ಅಂಟಿಸಿದ್ದಾರೆ. ಕೆಳಗೆ ನನ್ನ ನಂಬರೂ ಇದೆ.